ಎಂಬ ಎಂಬ ಪದ

ಕನ್ನಡದಲ್ಲಿ ಬರೆಯುವವರ ಮೇಲೆ ನನ್ನದೊಂದು ತಕರಾರಿದೆ. ಪದವನ್ನು ಪದವಾಗಿಯೇ ಹಿಡಿದು ಮಾತಾಡಲು ನಮ್ಮ ಭಾಷೆಯೊಳಗೇ ಒಂದು ಏರ್ಪಾಡು ಇದೆ: ಎಂಬ, ಎಂದು, ಎನ್ನುವ, ಎಂದರೆ, ಬಾಯಿಮಾತಿನಲ್ಲಿ ಅಂತ, ಅನ್ನೋ, ಅಂದ್ರೆ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ದುಡಿದ ಈ ಏರ್ಪಾಡನ್ನು ನಾವು ಮೂಲೆಗೆ ತಳ್ಳಿ, ಅದರ ಜಾಗದಲ್ಲಿ ಇಂಗ್ಲಿಷಿನ ಉದ್ಧರಣ ಚಿಹ್ನೆಯನ್ನು ಕೂರಿಸುತ್ತಿದ್ದೇವೆ. ಚಿಹ್ನೆಯ ಮೇಲೆ ನನಗೆ ಹಗೆಯಿಲ್ಲ. ಆದರೆ ಅದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುವುದಿಲ್ಲ. ಕೇಳುವ ಪದವನ್ನು ತೆಗೆದು ಕೇಳದ ಗೆರೆಯನ್ನು ಇಟ್ಟ ಮೇಲೆ ವಾಕ್ಯದ ಅರ್ಥ ಕೇಳುವವರಿಗೆ ತಲುಪುವುದು ಹೇಗೆ?

ಇದು ಕರಡು ತಿದ್ದುವವನ ಗೊಣಗಾಟ ಎಂದು ನೀವು ಪಕ್ಕಕ್ಕೆ ಸರಿಸಬಹುದು. ನಾನು ಕರಡು ತಿದ್ದುವವನೇ, ಗೊಣಗುವುದು ನಮ್ಮ ಕಸುಬಿನ ಭಾಗ. ಆದರೆ ಈ ವಿಷಯ ಅಲ್ಪವಿರಾಮ ಎಲ್ಲಿ ಬರಬೇಕು ಎಂಬಂಥ ಜಗಳವಲ್ಲ. ವಸ್ತು ಬೇರೆ, ಅದರ ಹೆಸರು ಬೇರೆ ಎಂಬ ತಿಳಿವಳಿಕೆಯನ್ನು ಭಾಷೆಯಲ್ಲಿ ಎಲ್ಲಿ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ.

ನಮ್ಮೂರಿನಿಂದಲೇ ಶುರು ಮಾಡುತ್ತೇನೆ. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರು ನನ್ನ ಊರು. ಹೊಂಗನೂರಿನಲ್ಲಿ ಮನೆಗಳಿವೆ, ಹೊಲಗಳಿವೆ, ಕೆರೆಯಿದೆ. ಹೊಂಗನೂರು ಎಂಬುದರಲ್ಲಿ ನಾಲ್ಕು ಅಕ್ಷರಗಳಿವೆ. ಮೊದಲನೆಯದು ಊರಿನ ಮಾತು, ಎರಡನೆಯದು ಹೆಸರಿನ ಮಾತು. ಊರಿನಲ್ಲಿ ಅಕ್ಷರಗಳಿಲ್ಲ, ಹೆಸರಿನಲ್ಲಿ ಕೆರೆಯಿಲ್ಲ. ಎಂಬುದು ಎಂಬ ಒಂದು ಪದ ಈ ಎರಡರ ನಡುವೆ ಬೇಲಿ ಹಾಕಿತು. ಅದನ್ನು ಕಿತ್ತು “ಹೊಂಗನೂರಿನಲ್ಲಿ ನಾಲ್ಕು ಅಕ್ಷರಗಳಿವೆ” ಎಂದು ಬರೆಯಿರಿ. ಊರಿನಲ್ಲಿ ನಾಲ್ಕೇ ಅಕ್ಷರ ಬಲ್ಲವರಿದ್ದಾರೆ ಎಂದು ಯಾರಾದರೂ ಓದಿಕೊಂಡರೆ ತಪ್ಪು ಅವರದಲ್ಲ.

ಈ ವ್ಯತ್ಯಾಸವನ್ನು ತತ್ವಶಾಸ್ತ್ರದ ವಿದ್ಯಾರ್ಥಿಗಳು ಬೇರೆ ದಾರಿಯಲ್ಲಿ ಕಲಿಯುತ್ತಾರೆ. ಅಮೆರಿಕದ ತರ್ಕಶಾಸ್ತ್ರಜ್ಞ ಕ್ವೈನ್ 1940ರ ತಮ್ಮ ಪುಸ್ತಕದಲ್ಲಿ ಬಾಸ್ಟನ್ ನಗರವನ್ನು ಮುಂದಿಟ್ಟುಕೊಂಡು ಇದನ್ನೇ ವಿವರಿಸಿದರು: ಜನ ತುಂಬಿರುವುದು ನಗರದಲ್ಲಿ, ಎರಡು ಉಚ್ಚಾರಾಂಶ ಇರುವುದು ಅದರ ಹೆಸರಿಗೆ. ಪದವನ್ನು ಬಳಸುವುದು ಬೇರೆ, ಪದವನ್ನು ಪ್ರಸ್ತಾಪಿಸುವುದು ಬೇರೆ. ಇದು ಇಪ್ಪತ್ತನೆಯ ಶತಮಾನದ ಹೊಸ ಶೋಧವೇನಲ್ಲ. ಪತಂಜಲಿಯ ಮಹಾಭಾಷ್ಯ ಆರಂಭದಲ್ಲೇ ಈ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಹಸು ಎಂದಾಗ ಅದರಲ್ಲಿ ಶಬ್ದ ಯಾವುದು? ಕೊಂಬು, ಗೊರಸು, ಬಾಲ ಇರುವ ಪ್ರಾಣಿಯೇ? ಅದರ ಬಣ್ಣವೇ? ಅಲ್ಲ ಎಂದು ಒಂದೊಂದನ್ನೇ ಪಕ್ಕಕ್ಕಿಡುತ್ತಾ ಹೋಗುತ್ತಾನೆ. ಅವನಿಗಿಂತ ಹಿಂದಿನ ಪಾಣಿನಿ ಇನ್ನೂ ಖಚಿತವಾಗಿ ಒಂದು ನಿಯಮವನ್ನೇ ಮಾಡಿಟ್ಟ. ವ್ಯಾಕರಣದ ಸೂತ್ರದಲ್ಲಿ ಒಂದು ಪದ ಬಂದರೆ ಅದು ತನ್ನ ರೂಪವನ್ನೇ ಸೂಚಿಸುತ್ತದೆ, ಅರ್ಥವನ್ನಲ್ಲ. ಪಾರಿಭಾಷಿಕ ಸಂಜ್ಞೆಗಳು ಮಾತ್ರ ಇದಕ್ಕೆ ಹೊರತು. ಬೆಂಕಿ ಎಂಬ ಪದಕ್ಕೆ ಪ್ರತ್ಯಯ ಹಚ್ಚು ಎಂದರೆ ಒಲೆಗೆ ಕೈ ಹಾಕಬೇಡ ಎಂದು ಅರ್ಥ. ಅವನ ಕೈಯಲ್ಲಿ ಉದ್ಧರಣ ಚಿಹ್ನೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಸಂಸ್ಕೃತದಲ್ಲಿ ಇತಿ ಇತ್ತು.

ಇಂಗ್ಲಿಷಿಗೆ ಮಾತ್ರ ಇಂಥ ಅನುಕೂಲ ಕಡಿಮೆ. ಅಲ್ಲಿ ಒಂದು ಪದವನ್ನು ಪದವಾಗಿ ಎತ್ತಿ ತೋರಿಸಲು ವಾಕ್ಯದೊಳಗೆ ಸಹಜವಾಗಿ ಸೇರಿಕೊಳ್ಳುವ ಚಿಕ್ಕ ಪದವಿಲ್ಲ. ಪ್ರತಿ ಸಲವೂ ಇಂಥ ಪದ ಎಂದು ವರ್ಡ್ ಶಬ್ದವನ್ನು ಮುಂದೆ ನಿಲ್ಲಿಸಬೇಕು, ಇಲ್ಲವೇ ಅಕ್ಷರಗಳನ್ನು ಓರೆ ಮಾಡಬೇಕು, ಇಲ್ಲವೇ ಉದ್ಧರಣ ಚಿಹ್ನೆ ಹಾಕಬೇಕು. ಶಿಕಾಗೋ ಶೈಲಿ ಕೈಪಿಡಿಯಂಥ ಗ್ರಂಥಗಳು ಇದಕ್ಕೆಂದೇ ನಿಯಮ ಬರೆದಿವೆ: ಪದವನ್ನು ಪದವೆಂದು ಹೇಳುವಾಗ ಓರೆ ಅಕ್ಷರ ಬಳಸು, ಕೆಲವೊಮ್ಮೆ ಉದ್ಧರಣ ಚಿಹ್ನೆಯೂ ಆಗಬಹುದು. ಆ ಚಿಹ್ನೆಯ ಒಳಗೆ ಅಲ್ಪವಿರಾಮ ಬರಬೇಕೋ ಹೊರಗೆ ಬರಬೇಕೋ ಎಂಬುದರಲ್ಲಿ ಅಮೆರಿಕದವರದು ಒಂದು ದಾರಿ, ಬ್ರಿಟನ್ನಿನವರದು ಇನ್ನೊಂದು. ಇನ್ನು ಒಂದು ಪದಕ್ಕೆ ಅಥವಾ ಅಕ್ಷರಕ್ಕೆ ಬಹುವಚನ ಮಾಡಬೇಕಾದರೆ ಅಪಾಸ್ಟ್ರಫಿ ಹಾಕಬೇಕೇ ಬೇಡವೇ ಎಂಬ ಮುಗಿಯದ ವಾದ. ಮಾತಾಡುವಾಗಂತೂ ಎರಡು ಕೈ ಎತ್ತಿ ಎರಡೆರಡು ಬೆರಳು ಕೊಂಕಿಸಿ ಗಾಳಿಯಲ್ಲಿ ಚಿಹ್ನೆ ಬರೆಯುತ್ತಾರೆ. ಭಾಷೆಯಲ್ಲಿ ಇಲ್ಲದ್ದನ್ನು ಬೆರಳಿನಿಂದ ತುಂಬಿಕೊಳ್ಳುವ ಪಾಡು ಅದು.

ಇಂಗ್ಲಿಷ್ ಕಲಿಸುವವರು ಹೇಳುವ ಒಂದು ಹಳೆಯ ಒಗಟಿದೆ. ಜಾನ್, ಜೇಮ್ಸ್ ಎಂಬ ಇಬ್ಬರು ಹುಡುಗರ ಉತ್ತರಪತ್ರಿಕೆಯ ಬಗ್ಗೆ ಒಂದು ವಾಕ್ಯ. ಅದರಲ್ಲಿ ಹ್ಯಾಡ್ ಎಂಬ ಪದ ಸಾಲಾಗಿ ಹನ್ನೊಂದು ಸಲ ಬರುತ್ತದೆ. ಚಿಹ್ನೆ ಹಾಕದಿದ್ದರೆ ಇಂಗ್ಲಿಷರೇ ಅದನ್ನು ಓದಲಾರರು, ಹಾಕಿದರೂ ಜೋರಾಗಿ ಓದಲಾರರು. ಅದೇ ಸಂಗತಿಯನ್ನು ಕನ್ನಡದಲ್ಲಿ ಹೇಳಿ ನೋಡೋಣ. ಜಾನ್ ಹ್ಯಾಡ್ ಎಂದು ಬರೆದಿದ್ದ ಕಡೆ ಜೇಮ್ಸ್ ಹ್ಯಾಡ್ ಹ್ಯಾಡ್ ಎಂದು ಬರೆದಿದ್ದ. ಮೇಷ್ಟ್ರಿಗೆ ಹಿಡಿಸಿದ್ದು ಹ್ಯಾಡ್ ಹ್ಯಾಡ್ ಎಂಬುದೇ. ಒಂದು ಚಿಹ್ನೆಯೂ ಬೇಕಾಗಲಿಲ್ಲ. ಒಗಟೇ ಉಳಿಯಲಿಲ್ಲ.

ಇದು ಕನ್ನಡದ ಒಂದೇ ಭಾಷೆಯ ಹೆಗ್ಗಳಿಕೆಯಲ್ಲ. ತಮಿಳಿನ ಎನ್ರ, ಮಲಯಾಳದ ಎನ್ನ, ತೆಲುಗಿನ ಅನೇ ಮಾಡುವುದೂ ಇದೇ ಕೆಲಸವನ್ನು. ಎಲ್ಲವೂ ಹೇಳು ಎಂಬ ಅರ್ಥದ ಧಾತುಗಳಿಂದ ಬಂದವು. ಈ ಏರ್ಪಾಡು ಎಷ್ಟು ಬೇಕಾದದ್ದು ಎಂದರೆ, ಅದಿಲ್ಲದ ಭಾಷೆಯೊಂದು ನಮ್ಮ ನಡುವೆ ಬಂದು ನೆಲೆಸಿದಾಗ ಅದೂ ಕಲಿತುಕೊಂಡಿತು. ಚನ್ನಪಟ್ಟಣದ ಬೀದಿಯಲ್ಲಿ ದಖನಿ ಉರ್ದು ಆಡುವವರ ಮಾತಿಗೆ ಕಿವಿಗೊಡಿ. ಹೊಂಗನೂರು ಬೋಲ್‌ಕೆ ಏಕ್ ಗಾಂವ್ ಎನ್ನುತ್ತಾರೆ. ಬೋಲ್‌ಕೆ ಎಂದರೆ ಹೇಳಿ, ಎಂದು. ಉತ್ತರದ ಉರ್ದುವಿನಲ್ಲಿ ಆ ಪದಕ್ಕೆ ಈ ಕೆಲಸವಿಲ್ಲ. ದಖ್ಖನ್ನಿನ ನೆಲದಲ್ಲಿ ಕನ್ನಡ, ತೆಲುಗಿನ ಜೊತೆ ಬಾಳಿದ್ದಕ್ಕೆ ಸಿಕ್ಕ ಕೂಲಿ ಅದು. ಪರಭಾಷೆಯವರು ನಮ್ಮಿಂದ ಕಲಿತದ್ದನ್ನು ನಾವೇ ಬಿಟ್ಟುಕೊಡುತ್ತಿದ್ದೇವೆ.

ಈ ಪುಟ್ಟ ಪದಕ್ಕೆ ಎಷ್ಟು ಸೂಕ್ಷ್ಮವಿದೆ ನೋಡಿ. ಬೆಂಗಳೂರಿನಲ್ಲಿ ಯಾರಾದರೂ ಯಾವೂರಪ್ಪಾ ಎಂದು ಕೇಳಿದರೆ ನಮ್ಮವರು “ಹೊಂಗನೂರು ಅಂತ, ಚನ್ನಪಟ್ಣದತ್ರ” ಎನ್ನುತ್ತಾರೆ. ಅದೇ ಪ್ರಶ್ನೆಯನ್ನು ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಕೇಳಿದರೆ ಉತ್ತರ “ಹೊಂಗನೂರು”, ಅಷ್ಟೇ. ಅಂತ ಯಾಕೆ ಬಂತು, ಯಾಕೆ ಹೋಯಿತು? ಈ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ, ಮೊದಲು ಹೆಸರನ್ನು ಕೈಗಿಡುತ್ತೇನೆ, ಊರನ್ನು ಆಮೇಲೆ ತೋರಿಸುತ್ತೇನೆ ಎಂದು ಅಂತ ಹೇಳುತ್ತದೆ. ಗೊತ್ತಿದ್ದವರ ಎದುರು ಊರನ್ನೇ ಹೇಳಿದರಾಯಿತು. ಶಾಲೆಯ ಮೆಟ್ಟಿಲು ಹತ್ತದವರೂ ತಪ್ಪಿಲ್ಲದೆ ಪಾಲಿಸುವ ವ್ಯಾಕರಣ ಇದು. ಯಾವ ಉದ್ಧರಣ ಚಿಹ್ನೆ ಇಷ್ಟು ಹೇಳೀತು?

ಹಾಗಾದರೆ ಚಿಹ್ನೆ ಬಂದದ್ದು ಎಲ್ಲಿಂದ? ತಾಳೆಗರಿಯಲ್ಲಿ ಬರೆಯುತ್ತಿದ್ದವರಿಗೆ ದಂಡ ಗೊತ್ತಿತ್ತು, ಉದ್ಧರಣ ಚಿಹ್ನೆ ಗೊತ್ತಿರಲಿಲ್ಲ. ಶಾಸನಗಳಲ್ಲಿ ಇಂಥವನೆಂಬವನು, ಇಂಥದೆಂಬ ಊರು ಎಂದು ಕೆತ್ತಿದರೆ ಸಾಕಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳ ಜೊತೆ ಯುರೋಪಿನ ಚಿಹ್ನೆಗಳೂ ಬಂದವು. 1817ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಇಂಗ್ಲಿಷಿನಲ್ಲಿ ಅಚ್ಚಾಯಿತು. 1843ರಲ್ಲಿ ಮಂಗಳೂರ ಸಮಾಚಾರ ಬಂತು, 1894ರಲ್ಲಿ ಕಿಟ್ಟೆಲರ ನಿಘಂಟು ಬಂತು. ಅಚ್ಚು ತಂದುಕೊಟ್ಟ ಪೂರ್ಣವಿರಾಮ, ಪ್ರಶ್ನಾರ್ಥಕ, ಆವರಣಗಳಿಂದ ಕನ್ನಡ ಗದ್ಯಕ್ಕೆ ಉಪಕಾರವೇ ಆಯಿತು. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಂದ ಅತಿಥಿ ಮನೆಯವರನ್ನು ಹೊರಗೆ ಹಾಕುವುದು ಉಪಕಾರವಲ್ಲ.

ಹೊರಗೆ ಹಾಕುವ ಕೆಲಸಕ್ಕೆ ನಮ್ಮ ಶಾಲಾ ವ್ಯಾಕರಣವೂ ಕೈಜೋಡಿಸಿದೆ. ಕನ್ನಡ ವ್ಯಾಕರಣದ ಲೇಖನ ಚಿಹ್ನೆಗಳ ಪಾಠ ನೆನಪು ಮಾಡಿಕೊಳ್ಳಿ. ಜೋಡಿ ಗೆರೆಯದು ಉದ್ಧರಣ ಚಿಹ್ನೆ, ಒಬ್ಬರ ಮಾತನ್ನು ಇದ್ದಂತೆ ಹೇಳುವುದಕ್ಕೆ. ಒಂಟಿ ಗೆರೆಯದು ವಾಕ್ಯವೇಷ್ಟನ ಚಿಹ್ನೆ. ಪಾರಿಭಾಷಿಕ ಪದ ಬಂದಾಗ, ಪರಭಾಷೆಯ ಪದ ಬಂದಾಗ, ಮುಖ್ಯವಾದ ಪದ ಬಂದಾಗ ಅದನ್ನು ಹಾಕಬೇಕು ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಹೆಸರು ವಾಕ್ಯವನ್ನು ಸುತ್ತುವುದು, ಸುತ್ತುವುದು ಪದವನ್ನು, ಅದು ಹೋಗಲಿ. ಆ ಮೂರು ಕಾರಣಗಳನ್ನು ನೋಡಿ. ಮುಖ್ಯ ಎನ್ನುವುದು ಒತ್ತಿನ ವಿಷಯ, ಪರಭಾಷೆ ಎನ್ನುವುದು ಮೂಲದ ವಿಷಯ, ಪಾರಿಭಾಷಿಕ ಎನ್ನುವುದು ಶಾಸ್ತ್ರದ ವಿಷಯ. ಇಲ್ಲಿ ನಾನು ವಸ್ತುವಿನ ಬಗ್ಗೆ ಹೇಳುತ್ತಿಲ್ಲ, ಪದದ ಬಗ್ಗೆ ಹೇಳುತ್ತಿದ್ದೇನೆ ಎಂಬ ಕಾರಣ ಆ ಪಟ್ಟಿಯಲ್ಲೇ ಇಲ್ಲ. ಚಿಹ್ನೆಯನ್ನು ಕೊಟ್ಟರು, ಅದು ಯಾಕೆ ಬೇಕು ಎಂಬುದನ್ನು ಕೊಡಲಿಲ್ಲ. ಅದಕ್ಕೇ ಇವತ್ತು ವಿದ್ಯಾರ್ಥಿಗಳ ಬರಹದಲ್ಲಿ ಆ ಗೆರೆಗಳು ಮದುವೆಮನೆಯ ಅಕ್ಷತೆಯಂತೆ ಬೀಳುತ್ತವೆ. ಯಾರ ತಲೆಯ ಮೇಲೆ ಬಿದ್ದರೂ ಆಗುತ್ತದೆ.

ಈಗ ಕನ್ನಡದ ಮೈಗೆ ಈ ಚಿಹ್ನೆ ಹೇಗೆ ಒಗ್ಗುವುದಿಲ್ಲ ಎಂಬುದನ್ನು ನೋಡೋಣ. ಇಂಗ್ಲಿಷಿನಲ್ಲಿ ಪದದ ಬಾಲಕ್ಕೆ ಹೆಚ್ಚು ಏನೂ ಅಂಟುವುದಿಲ್ಲ. ಕನ್ನಡದಲ್ಲಿ ಅನ್ನು, ಇಂದ, ಇಗೆ, ಅಲ್ಲಿ ಎಲ್ಲವೂ ಅಂಟುತ್ತವೆ, ಅಂಟುವಾಗ ಪದದ ತುದಿಯನ್ನೇ ಬದಲಿಸುತ್ತವೆ. ಊರು ಎಂಬ ಪದಕ್ಕೆ ಚಿಹ್ನೆ ಹಾಕಿ ಚತುರ್ಥಿ ಹಚ್ಚಿ. ‘ಊರಿಗೆ’ ಎಂದು ಪೂರ್ತಿ ಸುತ್ತಿದರೆ ನಾವು ಹೇಳುತ್ತಿರುವ ಪದ ಊರು ಅಲ್ಲ, ಊರಿಗೆ ಎಂದಾಗುತ್ತದೆ. ‘ಊರಿ’ಗೆ ಎಂದರೆ ಊರಿ ಎಂಬ ಪದವೇ ಕನ್ನಡದಲ್ಲಿ ಬೇರೆ, ಕೋಲು ಊರಿ ನಡೆಯುವುದು. ‘ಊರು’ಗೆ ಎಂದರೆ ಅದು ಯಾರ ಬಾಯಲ್ಲೂ ಬಾರದ ಕನ್ನಡ. ಮೂರು ದಾರಿ, ಮೂರೂ ಮುಳ್ಳು. ಪುಸ್ತಕಗಳ ಹೆಸರು ಬಂದಾಗ ಅವಸ್ಥೆ ಇನ್ನೂ ಹೆಚ್ಚು. ಕಾರಂತರ ‘ಮೂಕಜ್ಜಿಯ ಕನಸುಗಳು’ವಿನಲ್ಲಿ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ ಎಂಬಂಥ ರೂಪಗಳನ್ನು ನಾನು ತಿದ್ದಿ ತಿದ್ದಿ ಸೋತಿದ್ದೇನೆ. ಕನಸುಗಳುವಿನಲ್ಲಿ ಎಂದು ಯಾವ ಕನ್ನಡಿಗರು ಆಡುತ್ತಾರೆ? ಮೂಕಜ್ಜಿಯ ಕನಸುಗಳು ಕಾದಂಬರಿಯಲ್ಲಿ ಎನ್ನಿ. ಊರು ಎಂಬುದಕ್ಕೆ ಎನ್ನಿ, ಊರು ಎಂಬ ಪದಕ್ಕೆ ಎನ್ನಿ. ಪದ ತನ್ನ ರೂಪದಲ್ಲಿ ಹಾಗೇ ಉಳಿಯುತ್ತದೆ, ಪ್ರತ್ಯಯವನ್ನು ಎಂಬುದು ಎನ್ನುವುದು ಹೊತ್ತುಕೊಳ್ಳುತ್ತದೆ. ಎಂಬುದನ್ನು, ಎಂಬುದರಿಂದ, ಎಂಬುದಕ್ಕೆ, ಎಂಬುದರ, ಎಂಬುದರಲ್ಲಿ. ಇಡೀ ವಿಭಕ್ತಿಯ ಹೊರೆ ಹೊರಲು ಭಾಷೆ ಒಬ್ಬ ಆಳನ್ನು ಇಟ್ಟಿರುವಾಗ ಅವನನ್ನು ಮನೆಗೆ ಕಳಿಸಿ ಹೊರೆಯನ್ನು ಗೆರೆಯ ಮೇಲೆ ಇಡುವುದು ಯಾವ ಜಾಣತನ?

ಓರೆ ಅಕ್ಷರದ ಮಾತಂತೂ ಬೇಡ. ರೋಮನ್ ಲಿಪಿಯಲ್ಲಿ ಓರೆ ಅಕ್ಷರಕ್ಕೆ ತನ್ನದೇ ಆದ ಕೈಬರಹದ ಪರಂಪರೆ ಇದೆ. ಕನ್ನಡದಲ್ಲಿ ನಮಗೆ ಸಿಗುವುದು ಸಾಮಾನ್ಯವಾಗಿ ಗಣಕಯಂತ್ರ ಇದ್ದ ಅಕ್ಷರವನ್ನೇ ತಳ್ಳಿ ವಾಲಿಸಿದ್ದು. ಕೆಳಗಿನ ಒತ್ತಕ್ಷರ ಒಂದು ಕಡೆ, ಮೇಲಿನ ತಲೆಕಟ್ಟು ಇನ್ನೊಂದು ಕಡೆ. ಇಳಿಜಾರಿನಲ್ಲಿ ನಿಂತ ಎತ್ತಿನಗಾಡಿಯ ಹಾಗೆ.

ಇಷ್ಟಾದರೂ ಇದು ಅಂದಚೆಂದದ ಮಾತಾಯಿತು. ನನ್ನ ಸಿಟ್ಟು ಇರುವುದು ತರಗತಿಯಲ್ಲಿ. ಉಕ್ತಲೇಖನ ನಮ್ಮ ಶಾಲೆಗಳಲ್ಲಿ ಇವತ್ತಿಗೂ ನಡೆಯುತ್ತದೆ. ಮೇಷ್ಟ್ರು ಓದುತ್ತಾರೆ, ಮಕ್ಕಳು ಬರೆಯುತ್ತಾರೆ. ‘ಮರ’ದ ಬಹುವಚನ ‘ಮರಗಳು’ ಎಂದು ಪುಸ್ತಕದಲ್ಲಿದ್ದರೆ ಮಗುವಿಗೆ ಕೇಳುವುದು ಮರದ ಬಹುವಚನ ಮರಗಳು ಎಂದು. ಮರಕ್ಕೆ ಕೊಂಬೆಯಿರುತ್ತದೆ, ಬೇರಿರುತ್ತದೆ. ಬಹುವಚನ ಇರುವುದು ಮರ ಎಂಬ ಪದಕ್ಕೆ. ಸೂರ್ಯನ ಸಮಾನಾರ್ಥಕ ಪದ ಬರೆಯಿರಿ ಎಂಬ ಪ್ರಶ್ನೆ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ಸೂರ್ಯನಿಗೆ ಸಮಾನಾರ್ಥಕ ಎಲ್ಲಿಂದ ಬರಬೇಕು? ಸೂರ್ಯ ಅರ್ಥವಲ್ಲ, ಪದವಲ್ಲ, ಮೇಲೆ ಉರಿಯುತ್ತಿರುವ ನಕ್ಷತ್ರ. ಮಕ್ಕಳು ಹೇಗೋ ಅರ್ಥ ಮಾಡಿಕೊಂಡು ರವಿ, ನೇಸರು, ಭಾನು ಎಂದು ಬರೆಯುತ್ತಾರೆ, ನಿಜ. ಆದರೆ ವ್ಯಾಕರಣ ಎಂದರೆ ಪದಗಳ ಬಗ್ಗೆ ಮಾತಾಡುವ ಶಾಸ್ತ್ರ. ಅದನ್ನು ಕಲಿಸುವ ವಾಕ್ಯಗಳೇ ಪದ ಯಾವುದು, ವಸ್ತು ಯಾವುದು ಎಂದು ಗೊತ್ತುಮಾಡದೆ ಹೋದರೆ ಮಗುವಿಗೆ ವ್ಯಾಕರಣ ಗೊಂದಲವಾಗಿ ಕಾಣುವುದರಲ್ಲಿ ಮಗುವಿನ ತಪ್ಪೇನು?

ಇನ್ನು ಕಣ್ಣು ಕಾಣದ ವಿದ್ಯಾರ್ಥಿಯನ್ನು ನೆನೆಯಿರಿ. ಪರೀಕ್ಷೆಯಲ್ಲಿ ಪಕ್ಕದಲ್ಲಿ ಕೂತವರು ಪ್ರಶ್ನೆ ಓದಿ ಹೇಳುತ್ತಾರೆ, ಇವರು ಉತ್ತರ ಹೇಳಿ ಬರೆಸುತ್ತಾರೆ. ಮನೆಯಲ್ಲಾದರೆ ಮೊಬೈಲೋ ಗಣಕಯಂತ್ರವೋ ಓದಿ ಹೇಳುತ್ತದೆ. ಓದುವವರು ಗೆರೆಗಳನ್ನು ಓದುವುದಿಲ್ಲ, ಯಂತ್ರವೂ ಎಷ್ಟೋ ಸಲ ಅವುಗಳನ್ನು ದಾಟಿಕೊಂಡು ಹೋಗುತ್ತದೆ. ಕಣ್ಣಿದ್ದವರಿಗೆ ಮಾತ್ರ ಸಿಗುವ ಅರ್ಥವನ್ನು ನಾವು ಪ್ರಶ್ನೆಪತ್ರಿಕೆಯಲ್ಲಿ ಇಡುತ್ತಿದ್ದೇವೆ. ಎಂಬ ಪದ ಎಂದು ನಾಲ್ಕಕ್ಷರ ಸೇರಿಸಿದರೆ ಸಾಕು, ಎಲ್ಲರಿಗೂ ಒಂದೇ ಪ್ರಶ್ನೆ ತಲುಪುತ್ತದೆ. ಈ ನಾಲ್ಕಕ್ಷರದ ಖರ್ಚು ನಮಗೆ ಭಾರವೇ?

ಭಾರ ಎನ್ನುವವರಿದ್ದಾರೆ. ಒಂದು ಪ್ರಕಾಶನದವರು ನಾನು ತಿದ್ದಿಕೊಟ್ಟ ಭಾಷಾಶಾಸ್ತ್ರದ ಪುಸ್ತಕವೊಂದರಿಂದ ಎಂಬ ಎಂಬುದನ್ನೆಲ್ಲ ಕಿತ್ತುಹಾಕಿ ಒಂಟಿ ಗೆರೆಗಳನ್ನು ತುಂಬಿದರು. ಕೇಳಿದ್ದಕ್ಕೆ, ವಾಕ್ಯ ಬಿಗಿಯಾಗಿರಬೇಕು ಸಾರ್, ಎಂಬ ಎಂಬ ಅಂತಿದ್ದರೆ ಹಳೇ ಕಾಲದ ಪುರಾಣದ ಹಾಗೆ ಕೇಳಿಸುತ್ತೆ ಎಂದರು. ಆ ಪುಸ್ತಕದಲ್ಲಿ ಈಗ ನಮ್ಮ ಚನ್ನಪಟ್ಟಣದ ಬೊಂಬೆಗಳ ಬಗ್ಗೆ ಎರಡು ವಾಕ್ಯ ಹೀಗೆ ನಿಂತಿವೆ: “ಬೊಂಬೆ ಆಲೆಯಿಂದ ಬಂದದ್ದು. ಆಲೆ ಹಾಲೆಯಿಂದ ಬಂದದ್ದು.” ಗೆರೆಗಳೂ ಅಚ್ಚಿನಲ್ಲಿ ಎಲ್ಲೋ ಉದುರಿಹೋದವು. ಬೊಂಬೆ ಮಾಡುವ ಮರಕ್ಕೆ ನಮ್ಮ ಕಡೆ ಆಲೆ ಎನ್ನುತ್ತಾರೆ. ಕಡಿದರೆ ಹಾಲಿನಂಥ ರಸ ಒಸರುವ ಮರ. ಬರಹದಲ್ಲಿ ಹಾಲೆ, ಬಾಯಲ್ಲಿ ಹಕಾರ ಬಿಟ್ಟು ಆಲೆ. ಮೊದಲ ವಾಕ್ಯದಲ್ಲಿ ಬೊಂಬೆ ಬಂದದ್ದು ಮರದಿಂದ. ಎರಡನೆಯದರಲ್ಲಿ ಬಂದದ್ದು ಪದ, ಪದದಿಂದ. ಓದುಗರಿಗೆ ಕಾಣುವುದು ಒಂದು ಮರ ಇನ್ನೊಂದು ಮರದಿಂದ ಹುಟ್ಟಿದ ಚಮತ್ಕಾರ. ಸಾಲದ್ದಕ್ಕೆ ಕಬ್ಬು ಅರೆಯುವ ಆಲೆಯೂ ನಮ್ಮ ಸೀಮೆಯಲ್ಲೇ ಇದೆ, ಆಲೆಮನೆಯ ಆಲೆ. ಆಲೆ ಎಂಬ ಮಾತು ಹಾಲೆ ಎಂಬ ಮಾತಿನ ಆಡುರೂಪ ಎಂದು ನಾನು ಬರೆದಿದ್ದೆ. ಅದು ಬಿಗಿಯಾಗಿರಲಿಲ್ಲವಂತೆ. ತಿಳಿಯಾಗಿತ್ತು.

ಪದ ಮತ್ತು ವಸ್ತುವಿನ ಈ ಗೊಂದಲ ಪುಸ್ತಕದೊಳಗೇ ಉಳಿಯುವುದಿಲ್ಲ, ಊರ ಮಧ್ಯೆಯೂ ಬರುತ್ತದೆ. 1973ರ ನವೆಂಬರ್ 1ರಂದು ಮೈಸೂರು ಕರ್ನಾಟಕವಾಯಿತು ಎಂದು ಎಷ್ಟೋ ಕಡೆ ಬರೆಯುತ್ತಾರೆ. ಮೈಸೂರು ಎಲ್ಲೂ ಹೋಗಲಿಲ್ಲ, ಚಾಮುಂಡಿಬೆಟ್ಟದ ಕೆಳಗೇ ಇದೆ. ರಾಜ್ಯಕ್ಕಿದ್ದ ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕ ಎಂಬ ಹೆಸರು ಬಂತು. 2014ರ ನವೆಂಬರ್ 1ರಂದು ಬೆಂಗಳೂರಿನ ಹೆಸರು ಬದಲಾಯಿತು ಎನ್ನುತ್ತಾರೆ. ಕನ್ನಡದಲ್ಲಿ ಹಾಗೆ ಹೇಳಿದರೆ ಅದು ಸುಳ್ಳು. ಕನ್ನಡದಲ್ಲಿ ಅದು ಅವತ್ತಿನ ಹಿಂದಿನ ದಿನವೂ ಬೆಂಗಳೂರೇ. ಇಂಗ್ಲಿಷಿನಲ್ಲಿ ಬ್ಯಾಂಗಲೋರ್ ಎಂದು ಬರೆಯುತ್ತಿದ್ದುದನ್ನು ಬೆಂಗಳೂರು ಎಂದು ಬರೆಯಬೇಕೆಂದು ಆಯಿತು. ಆವತ್ತು ಬದಲಾದದ್ದು ನಗರವಲ್ಲ, ನಗರದ ಕನ್ನಡ ಹೆಸರೂ ಅಲ್ಲ, ಒಂದು ಪರಭಾಷೆಯ ಬರಹದ ರೂಪ. ಇಷ್ಟನ್ನು ಹೇಳಲು ಎಂದು, ಎಂಬ ಇಲ್ಲದೆ ಆಗದು.

ಈಗ ನಮ್ಮ ಜಿಲ್ಲೆಯ ಸರದಿ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ನಿರ್ಧರಿಸಿತು. ಆಮೇಲೆ ನಮ್ಮ ಕಡೆಯ ಚಹಾದಂಗಡಿಗಳಲ್ಲಿ ನಡೆದ ಜಗಳಗಳಲ್ಲಿ ಅರ್ಧದಷ್ಟು, ಮಾತಿನ ಈ ಎರಡು ಪಾತಳಿ ಬೆರೆತದ್ದರಿಂದಲೇ ಬಂದವು. ರಾಮನಗರ ಹೋಯಿತು ಎನ್ನುವವರು ಒಂದು ಕಡೆ. ಎಲ್ಲಿ ಹೋಯಿತು, ಪಟ್ಟಣ ಅಲ್ಲೇ ಇದೆ, ಜಿಲ್ಲಾಕೇಂದ್ರವೂ ಅದೇ ಎನ್ನುವವರು ಇನ್ನೊಂದು ಕಡೆ. ನಾವು ಬೆಂಗಳೂರಾದೆವು ಎನ್ನುವವರು ಮತ್ತೊಂದು ಕಡೆ. ಹೊಲದ ಬೆಲೆ ಏರಬಹುದೇ ಎಂಬುದು ಒಂದು ಪ್ರಶ್ನೆ. ರಾಮನಗರ ಎಂಬ ಹೆಸರಿನೊಂದಿಗೆ ಬೆಳೆದುಬಂದ ನೆನಪನ್ನು ಏನು ಮಾಡುವುದು ಎಂಬುದು ಬೇರೆಯೇ ಪ್ರಶ್ನೆ. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದರ ಬಾಯಿ ಮುಚ್ಚಿಸಬಾರದು. ಹೆಸರಿನ ಬಗ್ಗೆ ಮಾತಾಡುತ್ತಿದ್ದೇವೋ ನೆಲದ ಬಗ್ಗೆಯೋ ಎಂದು ಗೊತ್ತಾಗದ ಕಡೆ ರಾಜಕಾರಣಿಗೆ ಹಬ್ಬ. ಹೆಸರು ಕೊಟ್ಟು ನೆಲಕ್ಕೆ ಏನೋ ಕೊಟ್ಟೆ ಎನ್ನಬಹುದು.

ಹೆಸರಿಗೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಅದರ ಬೆಲೆಯನ್ನು ಚನ್ನಪಟ್ಟಣದವರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ನಮ್ಮ ಬೊಂಬೆಗಳಿಗೆ 1999ರ ಕಾಯ್ದೆಯ ಅಡಿ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆ ಮಾನ್ಯತೆ ಕಾಯುವುದು ಏನನ್ನು? ಮರವನ್ನಲ್ಲ, ಅರಗಿನ ಬಣ್ಣವನ್ನಲ್ಲ. ಮರದ ಬೊಂಬೆಯನ್ನು ಲೋಕದಲ್ಲಿ ಯಾರು ಬೇಕಾದರೂ ಕಡೆಯಬಹುದು. ಅದನ್ನು ಚನ್ನಪಟ್ಟಣದ ಬೊಂಬೆ ಎಂದು ಕರೆಯುವ ಹಕ್ಕನ್ನು ಅದು ಕಾಯುತ್ತದೆ. ಇಡೀ ಕಾನೂನು ನಿಂತಿರುವುದು ಎಂದು ಎಂಬುದರ ಮೇಲೆ.

ಚಿಹ್ನೆಯ ಇನ್ನೊಂದು ಬಳಕೆಯ ಬಗ್ಗೆ ಹೇಳದೆ ಈ ತಕರಾರು ಮುಗಿಯುವುದಿಲ್ಲ. ವ್ಯಂಗ್ಯದ ಚಿಹ್ನೆ. ‘ಅಭಿವೃದ್ಧಿ’, ‘ಬುದ್ಧಿಜೀವಿ’, ‘ದೊಡ್ಡವರು’. ಪದಕ್ಕೆ ಎರಡು ಗೆರೆ ಹಾಕಿ ಓದುಗರಿಗೆ ಕಣ್ಣು ಹೊಡೆಯುವುದು. “ರಸ್ತೆ ದುರಸ್ತಿ ‘ಶೀಘ್ರ’” ಎಂಬಂಥ ತಲೆಬರಹವನ್ನು ಕಲ್ಪಿಸಿಕೊಳ್ಳಿ. ಶೀಘ್ರ ಎಂದದ್ದು ಅಧಿಕಾರಿಯೇ? ಅಥವಾ ಬರೆದವರು ನಗುತ್ತಿದ್ದಾರೆಯೇ? ಕೇಳಿದರೆ, ನಾವು ಅವರ ಮಾತನ್ನೇ ಉದ್ಧರಿಸಿದ್ದು ಎಂದು ಜಾರಿಕೊಳ್ಳಬಹುದು. ಕನ್ನಡದ ಏರ್ಪಾಡು ಹೀಗೆ ಜಾರಲು ಬಿಡುವುದಿಲ್ಲ. ಎನ್ನು ಎಂಬುದು ಕ್ರಿಯಾಪದ. ಕ್ರಿಯಾಪದ ಬಂದರೆ ಕರ್ತೃ ಯಾರು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಅಧಿಕಾರಿಗಳು ಶೀಘ್ರ ಎನ್ನುವ ಕೆಲಸ, ಸರ್ಕಾರ ಅಭಿವೃದ್ಧಿ ಎಂದು ಕರೆಯುವ ಯೋಜನೆ, ಊರಲ್ಲಿ ದೊಡ್ಡವರು ಎನಿಸಿಕೊಂಡವರು. ಎನಿಸಿಕೊಂಡವರು ಎಂಬ ಒಂದು ಮಾತಿನಲ್ಲಿ ಇರುವ ಮೊನಚು ಸಾವಿರ ಗೆರೆಗಳಲ್ಲಿಲ್ಲ. ಅಷ್ಟೇ ಅಲ್ಲ, ಆ ಮೊನಚಿಗೆ ಬರೆದವರೇ ಹೊಣೆ. ವ್ಯಂಗ್ಯ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಬಾಯಿಬಿಟ್ಟು ಮಾಡಿ ಎನ್ನುತ್ತೇನೆ.

ಎದುರುವಾದಗಳಿವೆ, ಅವು ಹಗುರವಲ್ಲ. ಎಂಬ ಎಂಬುದು ಪದದ ಕೊನೆಯನ್ನು ತೋರಿಸುತ್ತದೆ, ಮೊದಲನ್ನು ತೋರಿಸುವುದಿಲ್ಲ ಎಂಬುದು ಅವುಗಳಲ್ಲಿ ಬಲವಾದದ್ದು. ನಮ್ಮೂರಿನ ದೊಡ್ಡ ಕೆರೆ ಎಂಬ ಹೆಸರು ಎಂದು ಬರೆದರೆ ಹೆಸರು ಯಾವುದು? ಕೆರೆ ಎಂಬಷ್ಟೇ? ದೊಡ್ಡ ಕೆರೆ ಎಂದೇ? ನಮ್ಮೂರಿನ ದೊಡ್ಡ ಕೆರೆ ಎಂದು ಪೂರ್ತಿಯೇ? ಮಾತಾಡುವಾಗ ಒಂದು ಕ್ಷಣ ನಿಂತು ತೋರಿಸುತ್ತೇವೆ, ಬರೆಯುವಾಗ ಆ ನಿಲುಗಡೆ ಇಲ್ಲ. ಒಪ್ಪಿದೆ. ಇಲ್ಲಿ ಚಿಹ್ನೆ ಬರಲಿ. ನಮ್ಮೂರಿನ ‘ದೊಡ್ಡ ಕೆರೆ’ ಎಂಬ ಹೆಸರು ಎಂದಾಗ ಚಿಹ್ನೆ ತನ್ನ ಅನ್ನವನ್ನು ದುಡಿದು ತಿಂದಿತು. ಪ್ರತ್ಯಯಗಳನ್ನು ಬಿಡಿಸಿ ತೋರಿಸುವ ಭಾಷಾಶಾಸ್ತ್ರದ ಬರಹದಲ್ಲಿ, ಸಾಲುಸಾಲಾಗಿ ಉದಾಹರಣೆ ಬರುವ ಕಡೆಯಲ್ಲಿ ಕಣ್ಣಿಗೆ ಅದರ ಸಹಾಯ ಬೇಕು. ಅಲ್ಲೂ ಎಂಬ ಎಂಬುದರ ಜೊತೆಗೆ ಬರಲಿ ಎನ್ನುತ್ತೇನೆ, ಅದರ ಬದಲಿಗೆ ಅಲ್ಲ.

ಪದೇ ಪದೇ ಎಂಬ ಬಂದರೆ ಕಿವಿಗೆ ಬೇಸರ ಎಂಬುದು ಇನ್ನೊಂದು ವಾದ. ಬೇಸರವಾಗುವುದು ಒಂದೇ ರೂಪವನ್ನು ಹಿಡಿದು ಕೂತವರಿಗೆ. ಎನ್ನುವ, ಎಂದರೆ, ಎಂದು, ಎಂಬುದು, ಎನಿಸಿದ, ಎಂಬಂಥ, ಅಂತ. ಪದ, ಮಾತು, ಶಬ್ದ, ಹೆಸರು, ರೂಪ. ಅಕ್ಷರಕ್ಕೆ ಅಕಾರ, ಹಕಾರ ಎನ್ನುವಂತೆ ಕಾರ. ಇಷ್ಟು ಸಾಮಾನು ಅಂಗಡಿಯಲ್ಲಿ ಇಟ್ಟುಕೊಂಡು ಬಡವರಂತೆ ಆಡುವುದೇಕೆ? ಶಂಕರ ಭಟ್ಟರು 2000ದಲ್ಲಿ ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ ಎಂದು ಪುಸ್ತಕವನ್ನೇ ಬರೆದರು. ಅವರ ಜಗಳ ಇದ್ದದ್ದು ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯುವುದರ ಮೇಲೆ. ಅವರ ಎಲ್ಲ ತೀರ್ಮಾನಗಳನ್ನು ಒಪ್ಪದವರೂ ಆ ಪ್ರಶ್ನೆಯನ್ನು ಇಲ್ಲಿಗೆ ತರಬಹುದು. ವ್ಯಾಕರಣ ಕನ್ನಡದ್ದೇ ಆಗಬೇಕೆಂದು ವಾದಿಸುವ ನಾವು ಅದೇ ಉಸಿರಿನಲ್ಲಿ ಕನ್ನಡದ ಒಂದು ವ್ಯಾಕರಣವನ್ನು ಇಂಗ್ಲಿಷಿನ ಗೆರೆಗಳಿಗೆ ಮಾರಿಕೊಳ್ಳುವುದು ಸರಿಯೇ?

ಆದ್ದರಿಂದ ಬರೆಯುವ ಗೆಳೆಯರಲ್ಲಿ, ವಿಶೇಷವಾಗಿ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು. ಬರೆದದ್ದನ್ನು ಕಳಿಸುವ ಮೊದಲು ಒಬ್ಬರಿಗೆ ಓದಿ ಹೇಳಿ, ಅವರಿಗೆ ಹಾಳೆ ತೋರಿಸಬೇಡಿ. ಪದದ ಬಗ್ಗೆ ಹೇಳಿದ ಮಾತು ಅವರಿಗೆ ವಸ್ತುವಿನ ಬಗ್ಗೆ ಹೇಳಿದಂತೆ ಕೇಳಿಸಿದರೆ ಅಲ್ಲಿ ಎಂಬ ಬಿಟ್ಟುಹೋಗಿದೆ. ಪಠ್ಯ ಬರೆಯುವವರಲ್ಲಿ, ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ಕೋರಿಕೆಯಲ್ಲ, ಹಕ್ಕಿನ ಒತ್ತಾಯ. ವಾಕ್ಯವೇಷ್ಟನದ ನಿಯಮಕ್ಕೆ ಇನ್ನೊಂದು ಸಾಲು ಸೇರಿಸಿ. ಪದದ ಬಗ್ಗೆ ಹೇಳುವಾಗ ಮೊದಲು ಎಂಬ ಬರಲಿ, ಚಿಹ್ನೆ ಬೇಕಾದರೆ ಆಮೇಲೆ ಬರಲಿ ಎಂದು. ಸೂರ್ಯನಿಗೆ ಸಮಾನಾರ್ಥಕ ಹುಡುಕುವ ಕಷ್ಟದಿಂದ ಮಕ್ಕಳನ್ನು ಬಿಡಿಸಿ. ಸೂರ್ಯ ಎಂಬ ಪದಕ್ಕೆ ಅವರು ಬೇಕಾದಷ್ಟು ಹುಡುಕಿಕೊಡುತ್ತಾರೆ.